ನೀರು ಗುಲಾಬಿ ಆಗಲೇ ಇಲ್ಲ

ಲ್ಯಾಬ್ ರಿಪೋರ್ಟಿನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಎರಡು ಅಕ್ಷರ, ಎಸ್ ಮತ್ತು ಆರ್. ಔಷಧದ ಹೆಸರಿನ ಮುಂದೆ ಎಸ್ ಅಂತಿದ್ದರೆ ಆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತೆ, ಆರ್ ಅಂತಿದ್ದರೆ ಬಗ್ಗಲ್ಲ. ಅಣ್ಣನ ಮಗ ಪುಟ್ಟನ ಎಡಗಿವಿಯಿಂದ ಹತ್ತಿ ಕಡ್ಡಿಯಲ್ಲಿ ತೆಗೆದ ಕೀವನ್ನು ಮೂರು ದಿನ ಬೆಳೆಸಿ ನೋಡಿ ಕೊಟ್ಟ ರಿಪೋರ್ಟಿನಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಆರ್, ಲೆವೊಫ್ಲಾಕ್ಸಸಿನ್‌ಗೂ ಆರ್. ಎಸ್ ಇದ್ದದ್ದೆಲ್ಲ ಇಂಜೆಕ್ಷನ್ ಔಷಧಗಳ ಮುಂದೆ. ಬ್ಯಾಕ್ಟೀರಿಯಾದ ಹೆಸರು ಸ್ಯೂಡೋಮೊನಾಸ್ ಏರುಜಿನೋಸಾ. ಹುಡುಗನಿಗೆ ಎಂಟು ವರ್ಷ. ಅವನು ಮಾಡಿದ್ದು ಬೇಸಿಗೆ ರಜೇಲಿ ಈಜು ಕಲಿಯೋಕೆ ಹೋಗಿದ್ದು, ಅಷ್ಟೇ.

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಿರೋರಿಗೆ ಕಾರಣ ಹೇಳಬೇಕಿಲ್ಲ. ವಿನೋಬನಗರದ ನಮ್ಮ ಕ್ರಾಸಿನ ಅರ್ಧ ಮಕ್ಕಳು ಸಂಜೆ ಬ್ಯಾಚಿಗೆ ಸೇರಿದ್ರು. ಊರಲ್ಲೂ ಊರಾಚೆಗೂ ಈಗ ನಾಲ್ಕಾರು ಕೊಳ ಇವೆ, ಯಾವುದು ಅಂತ ನಾನಿಲ್ಲಿ ಬರೆಯಲ್ಲ. ಎರಡನೇ ವಾರದಲ್ಲಿ ಪುಟ್ಟನ ಕಿವಿ ತುರಿಕೆ ಶುರುವಾಯ್ತು. ಆಮೇಲೆ ಕಿವಿ ಮುಟ್ಟಿದರೆ ಚೀರಾಟ. ಅತ್ತಿಗೆ ಮನೆ ಹತ್ತಿರದ ಮೆಡಿಕಲ್‌ನಲ್ಲಿ ಹೇಳಿದ್ದಕ್ಕೆ ಮೂರು ದಿನದ ಅಜಿಥ್ರೋಮೈಸಿನ್ ಸಿರಪ್ಪು, ಜೊತೆಗೆ ಸಿಪ್ರೊ ಡ್ರಾಪ್ಸು ಕೊಟ್ಟರು. ಡಾಕ್ಟರ್ ಚೀಟಿ ಕೇಳಲಿಲ್ಲ. ವಾರ ಕಳೆದರೂ ದಿಂಬಿನ ಕವರಿನ ಮೇಲೆ ಹಸಿರುಹಳದಿ ಕಲೆ ನಿಲ್ಲಲಿಲ್ಲ.

ಇಎನ್‌ಟಿ ಡಾಕ್ಟರು ಹೇಳಿದ್ದು ಹೀಗೆ. ಇದಕ್ಕೆ ಈಜುಗಾರರ ಕಿವಿ ಅಂತಲೇ ಹೆಸರು. ಗಂಟೆಗಟ್ಟಲೆ ನೀರಲ್ಲಿದ್ದರೆ ಕಿವಿ ನಾಳದ ಚರ್ಮ ನೆನೆದು ಮೆತ್ತಗಾಗುತ್ತೆ, ಒಳಗಿನ ಗುಗ್ಗೆಯ ಕಾವಲು ತೊಳೆದುಹೋಗುತ್ತೆ, ಅಲ್ಲಿ ಸ್ಯೂಡೋಮೊನಾಸ್ ಬಂದು ಕೂರುತ್ತೆ. ಅಜಿಥ್ರೋಮೈಸಿನ್ ಈ ಜಾತಿಗೆ ಹುಟ್ಟಿನಿಂದಲೇ ನಾಟೋದಿಲ್ಲ. ಹಾಗಾಗಿ ಸಿರಪ್ಪು ಕಿವಿಗೆ ಏನೂ ಮಾಡಲಿಲ್ಲ, ಹುಡುಗನ ಹೊಟ್ಟೆಯಲ್ಲಿದ್ದ ಒಳ್ಳೇ ಬ್ಯಾಕ್ಟೀರಿಯಾಗಳನ್ನಷ್ಟೇ ಹೊಡೆಯಿತು. ಡ್ರಾಪ್ಸು ಕೀವಿನ ಮೇಲೆಯೇ ನಿಂತಿತ್ತು, ಚರ್ಮ ಮುಟ್ಟಿರಲಿಲ್ಲ. ಅವರು ಸಣ್ಣ ಪೈಪಿನಲ್ಲಿ ಕಿವಿ ಸ್ವಚ್ಛ ಮಾಡಿ, ಬೇರೆ ಡ್ರಾಪ್ಸ್ ಬರೆದು, ತಲೆಸ್ನಾನಕ್ಕೂ ಹತ್ತು ದಿನ ರಜೆ ಕೊಟ್ಟರು. ರಿಪೋರ್ಟಿನ ಆರ್ ನೋಡಿ ಅತ್ತಿಗೆ ಅಳೋ ಹಾಗಾಗಿದ್ದರು. ಅದಕ್ಕೆ ಡಾಕ್ಟರು, "ಅಷ್ಟು ಗಾಬರಿ ಬೇಡಮ್ಮ. ಈ ಆರ್ ಲೆಕ್ಕ ಹಾಕೋದು ರಕ್ತದಲ್ಲಿ ಔಷಧ ಎಷ್ಟು ಸೇರುತ್ತೆ ಅನ್ನೋದರ ಮೇಲೆ. ಕಿವಿಗೆ ನೇರ ಹನಿ ಹಾಕಿದಾಗ ಅದರ ನೂರಾರು ಪಟ್ಟು ಗಟ್ಟಿ ಇರುತ್ತೆ" ಅಂದರು. ಹತ್ತು ದಿನಕ್ಕೆ ಕಿವಿ ಒಣಗಿತು.

ಅಲ್ಲಿಗೆ ಮುಗೀತು ಅನ್ಕೋಬಹುದಿತ್ತು. ಆದರೆ ಅದೇ ಕೊಳಕ್ಕೆ ನಮ್ಮ ಅಪ್ಪಾಜಿನೂ ಹೋಗ್ತಿದ್ರು.

ಅಪ್ಪಾಜಿಗೆ 64. ಶುಗರ್ ಬಂದು ಹದಿನೈದು ವರ್ಷ. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ನಿಂತು ಎರಡೂ ಮೊಣಕಾಲು ಹೋಗಿವೆ. ವಾಕಿಂಗ್ ಅಂದರೆ ಮುಖ ಹಿಂಡುತ್ತಿದ್ದವರು ನೀರಿನಲ್ಲಿ ಮಾತ್ರ ನೋವಿಲ್ಲದೆ ಓಡಾಡ್ತಿದ್ರು. ಮೂಳೆ ಡಾಕ್ಟರೇ ಈಜಿ ಅಂತ ಹೇಳಿದ್ದು. ಮೂರು ತಿಂಗಳಲ್ಲಿ ಶುಗರ್ ಲೆಕ್ಕ ಇಳಿದಿತ್ತು, ಅದಕ್ಕಿಂತ ಹೆಚ್ಚಾಗಿ ಮನುಷ್ಯ ನಗೋಕೆ ಶುರು ಮಾಡಿದ್ರು. ಅವರು ಬೆಳಗಿನ ಬ್ಯಾಚು, ಪುಟ್ಟ ಸಂಜೆ ಬ್ಯಾಚು. ನೀರು ಒಂದೇ.

ಇಎನ್‌ಟಿ ಡಾಕ್ಟರಿಗೆ ನಾನು ಇದನ್ನು ಹೇಳಿದಾಗ ಅವರ ಧ್ವನಿ ಬದಲಾಯ್ತು. ಮಕ್ಕಳ ಕಿವಿಯಲ್ಲಿ ವಾರದಲ್ಲಿ ವಾಸಿಯಾಗೋ ಇದೇ ಸೋಂಕು ವಯಸ್ಸಾದ ಸಕ್ಕರೆ ಕಾಯಿಲೆಯವರಲ್ಲಿ ಅಪರೂಪಕ್ಕೆ ಕಿವಿ ನಾಳ ದಾಟಿ ತಲೆಬುರುಡೆಯ ಬುಡದ ಮೂಳೆಗೆ ಇಳಿಯುತ್ತೆ. ರಾತ್ರಿ ನಿದ್ದೆ ಬಾರದಷ್ಟು ನೋವು, ಕೆಲವರಿಗೆ ಒಂದು ಕಡೆ ಮುಖ ಸೊಟ್ಟಗಾಗೋದು. ವಾರಗಟ್ಟಲೆ ಔಷಧ ಬೇಕು. ಸ್ಯೂಡೋಮೊನಾಸ್‌ಗೆ ಬಾಯಲ್ಲಿ ನುಂಗೋ ಔಷಧ ಅಂತ ಇರೋದು ಹೆಚ್ಚುಕಮ್ಮಿ ಸಿಪ್ರೊ, ಲೆವೊ ಗುಂಪು ಒಂದೇ. ಆ ಗುಂಪು ನಾಟಿದರೆ ಮನೆಯಲ್ಲೇ ಇದ್ದು ಗುಳಿಗೆ ತಗೋಬಹುದು. ಪುಟ್ಟನ ರಿಪೋರ್ಟಿನ ಹಾಗೆ ಆರ್ ಬಂದರೆ ಆರು ವಾರ ಇಂಜೆಕ್ಷನ್, ದಿನಕ್ಕೆ ಮೂರು ಸಲ. ಹುಡುಗನ ಕಿವಿಯ ಆರ್‌ನಿಂದ ಹುಡುಗನಿಗೆ ಹೆಚ್ಚು ತೊಂದರೆ ಆಗಲಿಲ್ಲ. ಅದೇ ಅಕ್ಷರ ಅವನ ಅಜ್ಜನ ಕಿವಿಯಲ್ಲಿ ಬೇರೆಯೇ ಅರ್ಥ ಕೊಡುತ್ತೆ.

ಮನೇಲಿ ಅವತ್ತು ರಾತ್ರಿ ಜಗಳ. ಅಣ್ಣ ವಾಟ್ಸಾಪ್ ತೆಗೆದು ಕೇರಳದ 'ಮೆದುಳು ತಿನ್ನೋ ಅಮೀಬಾ' ವಿಡಿಯೋ ತೋರಿಸಿದ. 2024ರಲ್ಲಿ ಅಲ್ಲಿ ಮಕ್ಕಳು ಸತ್ತದ್ದು ನಿಜ. ಆದರೆ ಅದು ಲಕ್ಷಕ್ಕೊಬ್ಬರಿಗೂ ಬಾರದ ಕಾಯಿಲೆ, ಸರಿಯಾಗಿ ಕ್ಲೋರಿನ್ ಇರೋ ನೀರಲ್ಲಿ ಆ ಅಮೀಬಾ ಬದುಕಲ್ಲ. ನಮ್ಮ ಜನಕ್ಕೆ ಅಪರೂಪದ್ದರ ಭಯವೇ ಜಾಸ್ತಿ. ಅಮ್ಮ, "ಈ ವಯಸ್ಸಿಗೆ ಈಜು ಬೇಕಿತ್ತಾ ಇವರಿಗೆ" ಅಂತ ಒಂದೇ ಮಾತಲ್ಲಿ ಮುಗಿಸಿದರು.

ಅಪ್ಪಾಜಿ ಮಾತ್ರ ತಣ್ಣಗೆ, "ಕೊಳ ಬ್ಯಾಡಂದ್ರೆ ಬಿಡ್ರಿ, ನಾಲೆಗೆ ಹೋಗ್ತೀನಿ" ಅಂದರು. ಅವರು ಈಜು ಕಲಿತದ್ದು ಭದ್ರಾ ನಾಲೆಯಲ್ಲಿ, ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಹರಿಹರದ ಹೊಳೆಯಲ್ಲಿ ಆ ದಡದಿಂದ ಈ ದಡಕ್ಕೆ ಈಜಿದ ಕಥೆ ನಾವು ನೂರು ಸಲ ಕೇಳಿದ್ದೀವಿ. ಪ್ರತಿ ಸಲವೂ ಹೊಳೆ ಸ್ವಲ್ಪ ಅಗಲ ಆಗುತ್ತೆ. ಆದರೆ ಆ ಹೊಳೆ ಈಗ ಆ ಹೊಳೆಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕರ್ನಾಟಕದ 17 ಮಲಿನ ನದಿಪಾತ್ರಗಳ ಪಟ್ಟಿ ಮಾಡಿತು. ಅದರಲ್ಲಿ ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಇದೆ. ಊರಿನ ಚರಂಡಿ ಸೇರೋ ನೀರಿನಲ್ಲಿ ಬ್ಯಾಕ್ಟೀರಿಯಾ ಹುಡುಕೋಕೆ ಕಷ್ಟ ಪಡಬೇಕಿಲ್ಲ, ಅಲ್ಲಿ ಕ್ಲೋರಿನ್ ಹಾಕೋರೂ ಇಲ್ಲ. ನಾಲೆಯಲ್ಲಿ ಪ್ರತಿ ಬೇಸಿಗೆ ಮುಳುಗಿ ಸಾಯೋ ಹುಡುಗರ ಸುದ್ದಿ ಬೇರೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೆಂಗಳೂರಿನ ಕಂಪನಿ, ವಿನೋಬನಗರದ ಮಹಡಿ ಕೋಣೆ. ಏನಾದರೂ ಕೆಟ್ಟಿದೆ ಅಂತ ಯಾರಾದರೂ ಹೇಳಿದರೆ 'ಎಲ್ಲಿ, ಯಾವಾಗ, ಎಷ್ಟು' ಅಂತ ಕೇಳದೆ ನಂಬೋದು ಅಭ್ಯಾಸದಲ್ಲಿಲ್ಲ. ಹಾಗಾಗಿ ಆ ವಾರಾಂತ್ಯ ಕೂತು ಓದಿದೆ.

ಕೊಳದ ನೀರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತಾ? ಇರುತ್ತೆ, ಚೆನ್ನಾಗಿ ನಡೆಸ್ತಾರೆ ಅನ್ನೋ ದೇಶಗಳಲ್ಲೂ. ಅಮೆರಿಕದ ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಇಬ್ಬರು ಸಂಶೋಧಕರು ಎಂಟು ಒಳಾಂಗಣ ಈಜುಕೊಳ, ಮೂರು ಬಿಸಿನೀರಿನ ತೊಟ್ಟಿಗಳಿಂದ 108 ಸ್ಯಾಂಪಲ್ ತೆಗೆದು 2011ರಲ್ಲಿ ವರದಿ ಪ್ರಕಟಿಸಿದರು. 23ರಲ್ಲಿ ನಮ್ಮ ಪುಟ್ಟನ ಕಿವಿಯಲ್ಲಿದ್ದ ಇದೇ ಸ್ಯೂಡೋಮೊನಾಸ್ ಸಿಕ್ಕಿತು. ಆ 23ರಲ್ಲಿ ಶೇಕಡಾ 96ರಷ್ಟು, ಅಂದರೆ ಒಂದನ್ನು ಬಿಟ್ಟು ಎಲ್ಲವೂ, ಹಲವು ಔಷಧಗಳಿಗೆ ಬಗ್ಗದವು. ಗ್ರೀಸಿನ ಕೊಳಗಳಲ್ಲೂ ಇಂಥ ಬ್ಯಾಕ್ಟೀರಿಯಾ ಸಿಕ್ಕ ವರದಿ 2008ರಲ್ಲೇ ಬಂದಿದೆ.

ನಮ್ಮ ದೇಶದ ನೀರಿನ ಕಥೆ ಇನ್ನೂ ದೊಡ್ಡದು. 2011ರಲ್ಲಿ ದೆಹಲಿಯ ಬೀದಿಗಳಲ್ಲಿ ನಿಂತ, ಸೋರಿದ ನೀರಿನ 171 ಸ್ಯಾಂಪಲ್‌ಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ ಎರಡರಲ್ಲಿ ಎನ್‌ಡಿಎಂ-1 ಅನ್ನೋ ಜೀನ್ ಸಿಕ್ಕಿತು. ಆಸ್ಪತ್ರೆಯ ಕೊನೇ ಅಸ್ತ್ರದಂಥ ಔಷಧಗಳನ್ನೇ ಒಡೆದು ಹಾಕೋ ಜೀನ್ ಅದು. ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲದು. ನಾವು ಒಂದು ಫೋನಿನಿಂದ ಇನ್ನೊಂದಕ್ಕೆ ಫೈಲ್ ಕಳಿಸ್ತೀವಲ್ಲ, ಹಂಗೆ.

ಇಷ್ಟು ಓದಿದ ಮೇಲೆ ಅಣ್ಣ ಹೇಳಿದ್ದೇ ಸರಿ, ಕೊಳ ಬಿಡಿಸಿಬಿಡೋಣ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ, ಯಾಕಂದರೆ ಓದ್ತಾ ಓದ್ತಾ ಒಂದು ವಿಷಯ ಸಿಕ್ಕಿತು. ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಅಂದರೆ ಕ್ಲೋರಿನ್‌ಗೂ ಬಗ್ಗಲ್ಲ ಅಂತ ಅಲ್ಲ. ಆಂಟಿಬಯಾಟಿಕ್ ಕೆಲಸ ಮಾಡೋದು ಒಂದು ಬೀಗಕ್ಕೆ ಒಂದು ಕೀಲಿ ಥರ. ಸಿಪ್ರೊ ಹೋಗಿ ಕೂರೋದು ಬ್ಯಾಕ್ಟೀರಿಯಾದ ಒಂದೆರಡು ಕಿಣ್ವಗಳ ಮೇಲೆ. ಆ ಬೀಗ ಸ್ವಲ್ಪ ಬದಲಾದರೆ ಸಾಕು, ಕೀಲಿ ತಿರುಗಲ್ಲ. ಕ್ಲೋರಿನ್‌ಗೆ ಕೀಲಿ ಬೀಗ ಎಲ್ಲ ಇಲ್ಲ. ಅದು ಮನೆಗೇ ಬೆಂಕಿ ಹಚ್ಚೋದು. ಗೋಡೆ, ಪ್ರೋಟೀನು, ಒಳಗಿನ ಸಾಮಾನು ಎಲ್ಲ ಸುಡುತ್ತೆ. ರಿಪೋರ್ಟಿನಲ್ಲಿ ಎಸ್ ಇರೋದೂ ಸಾಯುತ್ತೆ, ಆರ್ ಇರೋದೂ ಸಾಯುತ್ತೆ. ಸರಿಯಾದ ಪಿಎಚ್‌ನಲ್ಲಿ ಒಂದು ಲೀಟರ್ ನೀರಿಗೆ 1 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಇ-ಕೋಲಿ ಒಂದು ನಿಮಿಷದೊಳಗೆ ಸಾಯುತ್ತೆ. ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಭೇದಿ ಜೀವಿ ಮಾತ್ರ ಅಷ್ಟೇ ಕ್ಲೋರಿನ್‌ನಲ್ಲಿ ಹತ್ತು ದಿನ ಬದುಕುತ್ತೆ, ಅದಕ್ಕೇ ಭೇದಿ ಆದೋರು ಕೊಳಕ್ಕೆ ಇಳೀಬಾರದು ಅನ್ನೋದು.

ಹಾಗಾದರೆ ಓಹಾಯೊದಲ್ಲಿ ಸಿಕ್ಕವು ಹೇಗೆ ಬದುಕಿದ್ದವು? ಸ್ಯೂಡೋಮೊನಾಸ್ ತನ್ನ ಸುತ್ತ ಲೋಳೆ ಕಟ್ಟಿಕೊಳ್ಳುತ್ತೆ. ಟೈಲ್ಸ್ ಸಂದು, ಫಿಲ್ಟರ್ ಒಳಗೆ, ಮಕ್ಕಳು ಹಿಡಿದುಕೊಳ್ಳೋ ಫೋಮ್ ಹಲಗೆಯ ತೂತು, ಗಾಳಿ ತುಂಬಿದ ಟ್ಯೂಬಿನ ಒಳಗಡೆ. ಮುಟ್ಟಿದರೆ ಜಾರುತ್ತಲ್ಲ, ಅದೇ. ಆ ಲೋಳೆಯೊಳಗೆ ಕ್ಲೋರಿನ್ ಇಳಿಯೋದು ಕಷ್ಟ. ನೀರಲ್ಲಿ ಕ್ಲೋರಿನ್ ಕಮ್ಮಿಯಾದ ಹೊತ್ತಿನಲ್ಲಿ ಅಲ್ಲಿಂದ ಬಿಡುಗಡೆಯಾಗಿ ಬರುತ್ತೆ. ಅರೆಬರೆ ಕ್ಲೋರಿನ್ ಇನ್ನೂ ಕೆಟ್ಟದ್ದು ಅನ್ನೋದಕ್ಕೆ ಪ್ರಯೋಗಾಲಯದ ಸುಳಿವೂ ಇದೆ. 2020ರ ಒಂದು ಅಧ್ಯಯನದಲ್ಲಿ, ಕ್ಲೋರಿನ್‌ಗೆ ಸತ್ತ ಬ್ಯಾಕ್ಟೀರಿಯಾ ಚೆಲ್ಲಿದ ಜೀನ್‌ಗಳನ್ನು ಪೆಟ್ಟು ತಿಂದು ಬದುಕುಳಿದವು ಒಳಗೆ ಎಳೆದುಕೊಂಡಿದ್ದವು.

ಅಂದರೆ ಕೊಳದವರಿಗೆ ಕೇಳಬೇಕಾದ ಪ್ರಶ್ನೆ, 'ನಿಮ್ಮ ನೀರಲ್ಲಿ ಸೂಪರ್‌ಬಗ್ ಇದೆಯಾ' ಅನ್ನೋದಲ್ಲ. 'ಈ ಗಂಟೆಯಲ್ಲಿ ಕ್ಲೋರಿನ್ ಎಷ್ಟಿದೆ' ಅನ್ನೋದು. ಮೊದಲನೆಯದಕ್ಕೆ ಲ್ಯಾಬ್ ಬೇಕು, ಮೂರು ದಿನ ಬೇಕು. ಎರಡನೆಯದಕ್ಕೆ ಎರಡು ನಿಮಿಷ ಸಾಕು.

ಆ ಎರಡು ನಿಮಿಷದ ವಿದ್ಯೆ ನಮ್ಮ ಎದುರು ಮನೆಯ ಅಜ್ಜನ ಹತ್ತಿರ ಇತ್ತು. ಹಳ್ಳಿ ಪಂಚಾಯ್ತಿಯಲ್ಲಿ ಮೂವತ್ತು ವರ್ಷ ನೀರಗಂಟಿ ಕೆಲಸ ಮಾಡಿ ರಿಟೈರ್ ಆದೋರು. "ಕ್ಲೋರೋಸ್ಕೋಪ್ ಐತೆ ತಂಗಿ, ತರ್ತೀನಿ ತಡಿ" ಅಂತ ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿದರು. ಸಣ್ಣ ಗಾಜಿನ ಕೊಳವೆಗೆ ನೀರು, ಅದಕ್ಕೆ ನಾಲ್ಕು ಹನಿ ಔಷಧ. ಕ್ಲೋರಿನ್ ಇದ್ದರೆ ಹಳದಿ. ಟ್ಯಾಂಕಿನ ಕಡೇ ನಲ್ಲಿಯಲ್ಲಿ ತೆಳು ಹಳದಿ ಬಂದರೆ ಅವತ್ತಿನ ಡ್ಯೂಟಿ ಸರಿಯಾಗಿದೆ ಅಂತ. ಕುಡಿಯೋ ನೀರಿಗೆ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು ಅನ್ನೋದು ಭಾರತೀಯ ಮಾನಕ. ಅಜ್ಜ ಅದನ್ನು 'ಪಾಯಿಂಟ್ ಟೂ' ಅಂತಲೇ ಹೇಳ್ತಾರೆ, ದೇವರ ಹೆಸರು ಹೇಳಿದ ಹಾಗೆ. ಕೊಳಕ್ಕೆ ಅದು ಸಾಲಲ್ಲ. ಅಲ್ಲಿ 1ರಿಂದ 3 ಇರಬೇಕು, ಪಿಎಚ್ 7.2ರಿಂದ 7.8ರೊಳಗೆ.

ಅಜ್ಜನ ಹಳದಿಗೆ ಒಂದು ಮಿತಿ ಇದೆ. ಅದು ಕೆಲಸಕ್ಕೆ ಬರೋ ಕ್ಲೋರಿನ್ನನ್ನೂ, ಬೆವರು ಮೂತ್ರದ ಜೊತೆ ಸೇರಿ ಸೋತುಹೋದ ಕ್ಲೋರಿನ್ನನ್ನೂ ಒಟ್ಟಿಗೆ ತೋರಿಸುತ್ತೆ. ಕುಡಿಯೋ ನೀರಲ್ಲಿ ಯಾರೂ ಉಚ್ಚೆ ಹೊಯ್ಯಲ್ಲ, ಹಂಗಾಗಿ ಅಲ್ಲಿ ನಡೆಯುತ್ತೆ. ಕೊಳಕ್ಕೆ ಡಿಪಿಡಿ ಅನ್ನೋ ಗುಳಿಗೆ ಸರಿ. ಕೆಲಸಕ್ಕೆ ಬರೋ ಕ್ಲೋರಿನ್ ಇದ್ದರೆ ಮಾತ್ರ ನೀರು ಗುಲಾಬಿ ಆಗುತ್ತೆ. ಆನ್‌ಲೈನಲ್ಲಿ ತರಿಸಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡ್ತೀನಿ. ಕೊಳದ ಹತ್ತಿರ ಹೋದರೆ ಮೂಗಿಗೆ ಹೊಡೆಯೋ ಆ 'ಕ್ಲೋರಿನ್ ವಾಸನೆ' ಬಹಳ ಸಲ ಕ್ಲೋರಿನ್ ಜಾಸ್ತಿಯಾದ ವಾಸನೆ ಅಲ್ಲ. ಆ ಸೋತ ಕ್ಲೋರಿನ್ನಿನ ವಾಸನೆ. ಕಣ್ಣು ಕೆಂಪಾಗೋದೂ ಹೆಚ್ಚಾಗಿ ಅದರಿಂದಲೇ. "ಎಷ್ಟು ಕ್ಲೋರಿನ್ ಹಾಕ್ತಾರಪ್ಪ, ಒಳ್ಳೇ ಕೊಳ" ಅಂತ ಪಾಲಕರು ಖುಷಿಪಡೋದನ್ನು ನಾನೇ ಕೇಳಿದ್ದೀನಿ.

ಒಂದು ಭಾನುವಾರ ಅಜ್ಜನನ್ನೂ ಸ್ಕೂಟಿ ಹಿಂದೆ ಕೂರಿಸಿಕೊಂಡು ಹೋದೆ. ಬೆಳಗ್ಗೆ ಆರೂವರೆಗೆ ಗುಳಿಗೆ ಹಾಕಿದ ಕೂಡಲೇ ಗಾಢ ಗುಲಾಬಿ. ಚಾರ್ಟಿನಲ್ಲಿ 2. ಅಜ್ಜ ತಲೆಯಾಡಿಸಿದರು. ಸಂಜೆ ಐದಕ್ಕೆ ಮತ್ತೆ ಹೋದ್ವಿ. ನಲವತ್ತಕ್ಕೂ ಹೆಚ್ಚು ಮಕ್ಕಳು, ಮೂಗಿಗೆ ಹೊಡೆಯೋ ವಾಸನೆ. ಅಜ್ಜನ ಡಬ್ಬಿಯಲ್ಲಿ ಚೆನ್ನಾಗೇ ಹಳದಿ ಬಂತು. ನನ್ನ ಕೊಳವೆಯಲ್ಲಿ ಗುಳಿಗೆ ಕರಗಿತು, ನೀರು ಮಾತ್ರ ಗುಲಾಬಿ ಆಗಲೇ ಇಲ್ಲ. ಎರಡು ಸಲ ಮಾಡಿ ನೋಡಿದೆ. ಪಿಎಚ್ 8 ದಾಟಿತ್ತು.

ಕಾರಣ ಕಷ್ಟದ್ದೇನಲ್ಲ. ತೆರೆದ ಕೊಳದಲ್ಲಿ, ಬಿಸಿಲು ತಡೆಯೋ ಪುಡಿ ಹಾಕದಿದ್ದರೆ, ಹಗಲಿನ ಸೂರ್ಯ ಒಂದೆರಡು ಗಂಟೆಯಲ್ಲೇ ಬಹುಪಾಲು ಕ್ಲೋರಿನ್ ತಿಂದುಬಿಡ್ತಾನೆ. 38 ಡಿಗ್ರಿ ಬಿಸಿಲಿನ ಊರು ನಮ್ಮದು. ಉಳಿದದ್ದನ್ನು ಮಕ್ಕಳ ಬೆವರು, ಎಣ್ಣೆ, ಮಿಕ್ಕಿದ್ದು ತಿನ್ನುತ್ತೆ. ಬ್ಲೀಚಿಂಗ್ ಪೌಡರ್ ಹಾಕಿದಷ್ಟೂ ಪಿಎಚ್ ಏರುತ್ತೆ. ಪಿಎಚ್ 7.5 ಇದ್ದಾಗ ಕ್ಲೋರಿನ್ನಿನ ಸುಮಾರು ಅರ್ಧ ಭಾಗ ಚುರುಕಾಗಿ ಕೊಲ್ಲೋ ರೂಪದಲ್ಲಿರುತ್ತೆ, 8.5ಕ್ಕೆ ಹೋದರೆ ಹತ್ತರಲ್ಲಿ ಒಂದು ಭಾಗ. ಅಂದರೆ ಪೌಡರ್ ಸುರೀತಾನೇ ಇರಬಹುದು, ಪಿಎಚ್ ಇಳಿಸದಿದ್ದರೆ ಕೆಲಸ ಕಮ್ಮಿ ಆಗ್ತಾ ಹೋಗುತ್ತೆ.

ಕೊಳ ನೋಡಿಕೊಳ್ಳೋ ಹುಡುಗ ಹರಿಹರದ ಕಡೆಯವನು, ದಿನಾ ಬಸ್ಸಲ್ಲಿ ಬರ್ತಾನೆ. ಅವನ ಮೇಲೆ ಕೂಗಾಡೋ ಮನಸ್ಸಿತ್ತು, ಆಗಲಿಲ್ಲ. "ರಾತ್ರಿ ಎರಡು ಬಕೆಟ್ ಪೌಡರ್ ಹಾಕು ಅಂದಾರೆ ಮೇಡಂ, ಹಾಕ್ತೀನಿ. ಅಳಿಯೋದು ಯಾರೂ ಹೇಳಿಕೊಟ್ಟಿಲ್ಲ" ಅಂದ. ಅವನ ಕೈ ಚರ್ಮ ಪೌಡರಿಗೆ ಸುಲಿದಿತ್ತು, ಗ್ಲೌಸ್ ಇಲ್ಲ. ಎಲ್ಲ ಕಣ್ಣಳತೆ. ಈಜುಕೊಳದ ನೀರು ಹೇಗಿರಬೇಕು ಅಂತ ನಮ್ಮ ದೇಶದ ಮಾನಕ ಸಂಸ್ಥೆಯದ್ದೇ ಐಎಸ್ 3328 ಅನ್ನೋ ದಾಖಲೆ ದಶಕಗಳಿಂದ ಇದೆ. ಆ ಹುಡುಗ ಹುಟ್ಟೋಕೆ ಮುಂಚೆಯಿಂದ. ಅದು ಅವನ ತನಕ ಬಂದಿರಲಿಲ್ಲ ಅಷ್ಟೇ. ಅಜ್ಜ ಅವನ ಪಕ್ಕ ಕೂತು, "ತಮ್ಮಾ, ನೀರಿಗೆ ಹಸಿವು ಇರ್ತತಿ. ರಾತ್ರಿ ಉಣಿಸಿದ್ದು ಸಂಜಿಗೆ ಉಳಿಯಂಗಿಲ್ಲ" ಅಂದರು. ಮೂರು ಪುಟದ ಲೇಖನ ಓದಿ ನಾನು ತಿಳಿದದ್ದನ್ನು ಅವರು ಒಂದೇ ಮಾತಲ್ಲಿ ಹೇಳಿದ್ರು, ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು.

ಪುಟ್ಟನ ಬ್ಯಾಕ್ಟೀರಿಯಾ ಆ ಕೊಳದ್ದೇ ಅಂತ ನಾನು ಹೇಳ್ತಿಲ್ಲ. ಹೇಳೋಕಾಗಲ್ಲ ಅಂತ ಡಾಕ್ಟರೇ ಅಂದರು. ಸ್ಯೂಡೋಮೊನಾಸ್ ನಮ್ಮ ಮನೆ ಸಂಪಿನಲ್ಲೂ, ಬಚ್ಚಲ ಜಾಲರಿಯಲ್ಲೂ ಇರಬಹುದು. ಕ್ಲೋರಿನ್ ಇಲ್ಲದ ಬೆಚ್ಚಗಿನ ನೀರು, ನೆನೆದ ಕಿವಿ, ಇವೆರಡು ಅದಕ್ಕೆ ಬೇಕಾಗಿತ್ತು. ಆದರೆ ಆ ಆರ್ ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಉಳಿಯಿತು. ಕೊಳ ಯಾರಿಗೂ ಸಿಪ್ರೊ ಕೊಟ್ಟಿಲ್ಲ. ಕೊಟ್ಟೋರು ನಾವು, ನಮ್ಮ ಬೀದಿಗಳು.

ಚಾರ್ಲ್ಸ್ ಗರ್ಬಾ ಅನ್ನೋ ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ 2000ದಲ್ಲಿ ಒಂದು ಅಂದಾಜು ಕೊಟ್ಟರು. ಸ್ನಾನ ಮಾಡದೆ ಕೊಳಕ್ಕೆ ಇಳಿಯೋ ಒಬ್ಬ ಮನುಷ್ಯನ ಮೈಯಿಂದ ಸರಾಸರಿ 0.14 ಗ್ರಾಂ ಮಲದ ಅಂಶ ನೀರಿಗೆ ಸೇರುತ್ತೆ. ಊಟದ ಹೊತ್ತಲ್ಲಿ ಓದ್ತಿದ್ದರೆ ಕ್ಷಮಿಸಿ. ನಲವತ್ತು ಮಕ್ಕಳಿಗೆ ಲೆಕ್ಕ ಹಾಕಿದರೆ ಐದೂವರೆ ಗ್ರಾಂ, ಹೆಚ್ಚುಕಮ್ಮಿ ಒಂದು ಚಮಚ. ಆ ನಲವತ್ತು ಹೊಟ್ಟೆಗಳಲ್ಲಿ ಕಳೆದ ವರ್ಷ ಎಷ್ಟು ಆಂಟಿಬಯಾಟಿಕ್ ಹೋಗಿದೆಯೋ, ಅದನ್ನು ತಾಳಿ ಉಳಿದ ಬ್ಯಾಕ್ಟೀರಿಯಾಗಳೇ ಆ ಚಮಚದಲ್ಲಿರೋದು. ಕೊಳಕ್ಕಿಳಿಯೋ ಮುಂಚೆ ಒಂದು ನಿಮಿಷ ಶವರ್ ಕೆಳಗೆ ನಿಂತರೆ ಇದರಲ್ಲಿ ಬಹುಪಾಲು ಚರಂಡಿಗೆ ಹೋಗುತ್ತೆ, ಕ್ಲೋರಿನ್ ಉಳಿಯುತ್ತೆ. ನಾವು ಹೋದ ದಿನ ಶವರಿಗೆ ನಲ್ಲಿಯೇ ಇರಲಿಲ್ಲ, ಯಾರೋ ಬಿಚ್ಚಿಕೊಂಡು ಹೋಗಿದ್ರು.

ಮನೆಗೆ ಬಂದು ಫ್ರಿಡ್ಜ್ ಮೇಲಿನ ಔಷಧದ ಡಬ್ಬಿ ಸುರಿದೆ. ಸ್ವೀಟಿನ ಡಬ್ಬಿ, ಒಳಗೆ ಹನ್ನೊಂದು ಅರ್ಧಂಬರ್ಧ ಸ್ಟ್ರಿಪ್ಪು. ನಾಲ್ಕರ ಮೇಲೆ ಉದ್ದಕ್ಕೆ ಕೆಂಪು ಗೆರೆ. ಡಾಕ್ಟರ್ ಚೀಟಿ ಇಲ್ಲದೆ ತಗೋಬಾರದು ಅನ್ನೋದು ಆ ಗೆರೆಯ ಅರ್ಥ. ಕೇಂದ್ರ ಸರ್ಕಾರ 2016ರಲ್ಲಿ ಅದರ ಪ್ರಚಾರವನ್ನೇ ನಡೆಸಿತ್ತು. ಎರಡು ಸ್ಟ್ರಿಪ್ಪು ಅಪ್ಪಾಜಿಯವು, ಜ್ವರ ಇಳಿದ ಮೂರನೇ ದಿನಕ್ಕೆ ನಿಲ್ಲಿಸಿದ್ದು. ಒಂದು ಯಾರದ್ದೆಂದು ಯಾರಿಗೂ ನೆನಪಿಲ್ಲ. ನಾಲ್ಕನೆಯದರಲ್ಲಿ ಎರಡು ಗುಳಿಗೆ ಪಕ್ಕದ ಮನೆ ಆಂಟಿಗೆ ಹೋಗಿತ್ತಂತೆ.

"ದುಡ್ಡು ಕೊಟ್ಟು ತಂದದ್ದಲ್ಲೇನೇ, ಬಿಸಾಕಕ್ಕೆ ಹೆಂಗೆ ಮನಸ್ಸು ಬರ್ತೈತಿ" ಅಂದರು ಅಮ್ಮ. ಅವರ ಮಾತಿನಲ್ಲಿ ಸತ್ಯವಿದೆ. ಡಾಕ್ಟರ್ ಫೀಸು, ಅರ್ಧ ದಿನದ ರಜೆ, ಕ್ಯೂ, ಇವೆಲ್ಲ ಸೇರಿ ಆ ಡಬ್ಬಿ ತುಂಬಿಸಿವೆ. ಸೋಮಾರಿತನ ಅಂತ ಬೈದು ಪ್ರಯೋಜನ ಇಲ್ಲ. ಆದರೆ ಶೆಡ್ಯೂಲ್ ಎಚ್1 ಅನ್ನೋ ನಿಯಮ 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯ ಔಷಧ ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಅನ್ನೋದನ್ನು ಮೆಡಿಕಲ್‌ನವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ಪಟ್ಟಿಯಲ್ಲಿ ಲೆವೊಫ್ಲಾಕ್ಸಸಿನ್ ಇದೆ. ಪಕ್ಕದ ಕೇರಳದಲ್ಲಿ 2024ರಲ್ಲಿ 'ಆಪರೇಷನ್ ಅಮೃತ್' ಅಂತ ಹೆಸರಿಟ್ಟು, ಚೀಟಿ ಇಲ್ಲದೆ ಆಂಟಿಬಯಾಟಿಕ್ ಮಾರೋ ಅಂಗಡಿಗಳ ಮೇಲೆ ದಾಳಿ ಶುರು ಮಾಡಿದ್ರು. ನಮ್ಮಲ್ಲಿ ನಾನು ಕೇಳಿದ ಮೆಡಿಕಲ್‌ನವರು, "ನಾವು ಕೊಡದಿದ್ರೆ ಮುಂದಿನ ಕ್ರಾಸಿನವರು ಕೊಡ್ತಾರೆ, ಗಿರಾಕಿ ಹೋಗ್ತಾರೆ" ಅಂದರು. ಅದೂ ಸುಳ್ಳಲ್ಲ.

2019ರಲ್ಲಿ ಒಂದೇ ವರ್ಷ ಪ್ರಪಂಚದಲ್ಲಿ ಸುಮಾರು 12.7 ಲಕ್ಷ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸತ್ತರು ಅನ್ನೋ ಅಂದಾಜು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿದೆ. ಅಮ್ಮನಿಗೆ ಈ ಅಂಕಿ ಹೇಳಿದೆ, ಏನೂ ಅನ್ನಿಸಲಿಲ್ಲ ಅವರಿಗೆ. "ನಿಮ್ಮ ಯಜಮಾನರ ಕಿವಿಗೆ ಇದು ಬಂದ್ರೆ ಗುಳಿಗೆ ಇರಲ್ಲ, ಆರು ವಾರ ಸೂಜಿ" ಅಂದಾಗ ಡಬ್ಬಿ ತಾವೇ ಎತ್ತಿ ಕೊಟ್ಟರು. ಕಮೋಡಿಗೆ ಹಾಕಿ ಫ್ಲಶ್ ಮಾಡಬಾರದು, ಅದು ಮತ್ತೆ ಚರಂಡಿ, ಹೊಳೆ ಅಂತ ಸುತ್ತುತ್ತೆ. ಪುಟ್ಟನ ಡಾಕ್ಟರ ಆಸ್ಪತ್ರೆಯವರು ತಮ್ಮ ವೈದ್ಯಕೀಯ ಕಸದ ಜೊತೆ ಹಾಕ್ತೀವಿ ಅಂತ ತಗೊಂಡ್ರು.

ಅಪ್ಪಾಜಿಗೆ ಡಾಕ್ಟರ ಷರತ್ತುಗಳು ಹೀಗಿದ್ದವು: ಬೆಳಗಿನ ಬ್ಯಾಚು ಮಾತ್ರ. ತಲೆ ಮುಳುಗಿಸದೆ ನೀರಲ್ಲಿ ನಡೆಯೋದು. ಕಿವಿಗೆ ಪ್ಲಗ್. ಬಂದ ಮೇಲೆ ಟವೆಲಿನ ತುದಿಯಲ್ಲಿ ಹೊರಗಷ್ಟೇ ಒರೆಸೋದು, ಬಡ್ಸ್ ಹಾಕಿ ಕೆದಕಬಾರದು. ಕಿವಿ ಒಂದು ರಾತ್ರಿ ನೋವಾದರೂ ಮೆಡಿಕಲ್‌ಗೆ ಅಲ್ಲ, ಸೀದಾ ಆಸ್ಪತ್ರೆಗೆ. ನಾನು ಒಂದು ಸೇರಿಸಿದೆ, ಗುಳಿಗೆ ಹಾಕಿ ನೀರು ಗುಲಾಬಿ ಆದರೆ ಮಾತ್ರ ಇಳಿಯೋದು. ಅಪ್ಪಾಜಿ ಒಪ್ಪಿದರು, 'ತಲೆ ಮುಳುಗಿಸದೆ' ಅನ್ನೋದಕ್ಕೆ ಮಾತ್ರ ಒಂದು ವಾರ ಮುನಿಸು. ಹೊಳೆ ದಾಟಿದ ಮನುಷ್ಯನಿಗೆ ಅವಮಾನ ಅಂತೆ.

ಕೊಳದ ಮಾಲೀಕರ ಹತ್ತಿರ ನಾನು, ಅಜ್ಜ, ಇನ್ನು ಆರು ಮಕ್ಕಳ ಅಪ್ಪ ಅಮ್ಮಂದಿರು ಹೋಗಿ ಮಾತಾಡಿದ್ವಿ. ಮೊದಲು, "ಇಷ್ಟು ವರ್ಷ ಯಾರಿಗೂ ಏನೂ ಆಗಿಲ್ಲ" ಅಂದರು. ಕೊಳವೆ ತೋರಿಸಿದ್ವಿ. ಗುಲಾಬಿ ಆಗದ ನೀರನ್ನು ಕಣ್ಣೆದುರು ನೋಡಿದ ಮೇಲೆ ವಾದ ಕಮ್ಮಿಯಾಯ್ತು. ಪೂರ್ತಿ ಬದಲಾದರು ಅಂತ ಹೇಳಲ್ಲ. ಫಿಲ್ಟರ್ ರಿಪೇರಿ 'ಮುಂದಿನ ತಿಂಗಳು' ಅಂತಲೇ ಇದೆ. ಆದರೆ ಡಿಪಿಡಿ ಕಿಟ್ಟು, ಹುಡುಗನಿಗೆ ಗ್ಲೌಸು, ಶವರಿಗೆ ನಲ್ಲಿ, ಮಧ್ಯಾಹ್ನ ಮೂರಕ್ಕೆ ಇನ್ನೊಂದು ಡೋಸು, ಇಷ್ಟು ಆಯ್ತು. ಫೋಮ್ ಹಲಗೆಗಳನ್ನು ಬಿಸಿಲಿಗೆ ಒಣಗಿಸೋದು ಹುಡುಗನೇ ಶುರು ಮಾಡಿದ.

ಗೋಡೆ ಮೇಲೆ ಈಗ ಒಂದು ನೂರು ಪುಟದ ನೋಟ್‌ಬುಕ್ಕು ದಾರ ಕಟ್ಟಿ ನೇತುಹಾಕಿದೆ. ಬೆಳಗ್ಗೆ, ಮೂರು ಗಂಟೆ, ಐದು ಗಂಟೆ, ಮೂರು ಕಾಲಂ. ಮೇ ಕೊನೇ ಭಾನುವಾರ ಸಂಜೆ 0.3 ಬಂದಾಗ ಹುಡುಗ ಸೀಟಿ ಊದಿ ಅಷ್ಟೂ ಮಕ್ಕಳನ್ನು ಮೇಲೆ ಹತ್ತಿಸಿದನಂತೆ. ಇಬ್ಬರು ಪಾಲಕರು ದುಡ್ಡು ವಾಪಸ್ ಕೇಳಿ ಗಲಾಟೆ ಮಾಡಿದ್ರು. ಪುಟ್ಟನನ್ನು ಕರೆತರಲು ಹೋಗಿದ್ದ ಅಪ್ಪಾಜಿ ಆ ಹುಡುಗನ ಪರವಾಗಿ ನಿಂತು, ನೋಟ್‌ಬುಕ್ ಬಿಚ್ಚಿ, ಕನ್ನಡಕ ಹಾಕಿಕೊಂಡು, ಅವರಿಗೆ ಪಾಯಿಂಟ್ ತ್ರೀ ಅಂದರೆ ಏನು ಅಂತ ಅರ್ಧ ಗಂಟೆ ಪಾಠ ಮಾಡಿದ್ರಂತೆ. ಪುಟ್ಟ ಅಷ್ಟರಲ್ಲಿ ಹೊರಗೆ ನಿಂತು ಎರಡು ಪ್ಲೇಟು ಮಂಡಕ್ಕಿ ಮುಗಿಸಿದ್ದ.